ಎಡಬಾಗಿಲಿನ ಸೇಡು

ಜೂನ್ 2

ಚಿರಂಜೀವಿ ಎಲ್ ಬೋರ್ಡಿಗೆ,

ಭಾವನ ಆಶೀರ್ವಾದಗಳು. (ಇದು ರೂಢಿಗೆ ಬರೆದದ್ದು. ಹೆಚ್ಚಿನ ಅರ್ಥ ಹಚ್ಚಬೇಡ.)

ಈ ಮೂಲಕ ಸಕಲ ಬಂಧುಬಳಗಕ್ಕೂ, ಹಿರಿಯರಿಗೂ, ಕಿರಿಯರಿಗೂ, ಇನ್ನೂ ಹುಟ್ಟದೆ ನಿನ್ನ ಹೆಂಡತಿಯ ಹೊಟ್ಟೆಯಲ್ಲಿರುವವರಿಗೂ ತಿಳಿಯಪಡಿಸುವುದೇನೆಂದರೆ, ಇಂದು ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷದಿಂದ ನಿನಗೂ ನನಗೂ ಯುದ್ಧ ಜಾರಿಗೆ ಬಂದಿದೆ. ಕಾರಣ, ಒಂದು ಕೊಡೆ. ಕಪ್ಪು ಬಣ್ಣ, ಮರದ ಹಿಡಿ, ಎಂಟು ಕಡ್ಡಿ, ಅದರಲ್ಲೊಂದು ಸ್ವಲ್ಪ ಸೊಟ್ಟ. ನಿಮ್ಮೂರಿನ ಯಾವುದೋ ಟ್ಯಾಕ್ಸಿಯಲ್ಲಿ ಅದು ಅನಾಥವಾಗಿ ಬಿದ್ದಿದೆ. ಏರ್‌ಪೋರ್ಟಿಗೆ ಬರುತ್ತೇನೆಂದು ಮೂರು ಸಲ ಹೇಳಿದ್ದ ನೀನು ಬಂದಿದ್ದರೆ ನಾನು ಟ್ಯಾಕ್ಸಿ ಹತ್ತುತ್ತಿರಲಿಲ್ಲ. ಟ್ಯಾಕ್ಸಿ ಹತ್ತದಿದ್ದರೆ ಕೊಡೆ ಮರೆಯುತ್ತಿರಲಿಲ್ಲ. ಆದ್ದರಿಂದ ಕೊಡೆಗಳ್ಳ ನೀನೇ.

ನಿನ್ನ ಮನೆಯಲ್ಲಿ ಎಂಟು ದಿನ ಉಂಡು, ಮಲಗಿ, ಅಲ್ಲೇ ಯುದ್ಧ ಸಾರುವುದು ಮರ್ಯಾದಸ್ಥರ ಲಕ್ಷಣವಲ್ಲವೆಂದು ಬಾಯಿಮುಚ್ಚಿಕೊಂಡಿದ್ದೆ. ಈಗ ನನ್ನ ಮನೆ, ನನ್ನ ಕುರ್ಚಿ, ನನ್ನ ಪೆನ್ನು. ಫೋನ್ ಮಾಡಬೇಡ, ಎತ್ತುವುದಿಲ್ಲ. ಫೋನಿನಲ್ಲಿ ಆಡಿದ್ದನ್ನು ಮರುದಿನವೇ ‘ನಾನೆಲ್ಲಿ ಹಾಗಂದೆ ಭಾವ?’ ಅನ್ನುವ ಗಿರಾಕಿ ನೀನು. ಕಾಗದದಲ್ಲಿ ಬರೆ. ಕಾಗದ ಸಾಕ್ಷಿ ಹೇಳುತ್ತದೆ.

ನಾನು ಅಲ್ಲಿಗೆ ಮೋಜಿಗೆ ಬಂದವನಲ್ಲ. ಅಕ್ಟೋಬರಿನಲ್ಲಿ ನಿನ್ನ ಹೆಂಡತಿಯ ಹೆರಿಗೆ. ಅವಳಿಗೆ ತಾಯಿಯಿಲ್ಲ. ಆ ಊರಿನಲ್ಲಿ ನಿಮಗಿಬ್ಬರಿಗೆ ಹಿಂದುಮುಂದು ಯಾರೂ ಇಲ್ಲ. ಬಾಣಂತನಕ್ಕೆ ನಿಮ್ಮಕ್ಕನೇ, ಅಂದರೆ ನನ್ನ ಧರ್ಮಪತ್ನಿಯೇ, ಬರಬೇಕು. ಅವಳೋ ಪಕ್ಕದ ಊರಿನ ಬಸ್ಸನ್ನೂ ಒಬ್ಬಳೇ ಹತ್ತಿದವಳಲ್ಲ. ‘ಮೊದ್ಲು ನೀವು ಹೋಗಿ ದಾರಿ ನೋಡ್ಕೊಂಡು ಬನ್ನಿ. ಇಳಿದ್ಮೇಲೆ ಎಲ್ಲಿ ನಿಲ್ಬೇಕು, ಯಾರನ್ನ ಕೇಳ್ಬೇಕು, ಎಲ್ಲಾ ಹೇಳ್ಕೊಡಿ’ ಎಂದು ನನ್ನನ್ನು ಮುಂಚಿತವಾಗಿ ಕಳಿಸಿದಳು. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಲ್ಲವೇ ನಾನು! ಮೂವತ್ತೊಂದು ವರ್ಷದಲ್ಲಿ ನಾಲ್ಕು ಸಾವಿರ ಜನರನ್ನು ದಾರಿಗೆ ಹಚ್ಚಿದವನು. (ನಿನ್ನೊಬ್ಬನನ್ನು ಬಿಟ್ಟು.)

ಅವಳಿಗೆ ಹೇಳಿದ್ದೇನೆ, ಟ್ಯಾಕ್ಸಿ ಹಿಡಿಯುವುದು ನೀರು ಕುಡಿದಷ್ಟು ಸುಲಭ ಎಂದು. ಆ ಭಾಷೆಯ ಒಂದಕ್ಷರವೂ ಬೇಕಿಲ್ಲ. ನೀನು ಅಂಚೆಯಲ್ಲಿ ಕಳಿಸಿದ್ದ ವಿಳಾಸದ ಚೀಟಿ ತೋರಿಸಿದೆ, ಡ್ರೈವರು ನಮಸ್ಕಾರ ಮಾಡಿದರು, ನಾನು ಗಂಭೀರವಾಗಿ ಕುಳಿತೆ, ಮನೆ ಬಂತು. ಇಷ್ಟೇ.

ಆದರೆ ಒಂದು ಅನುಮಾನ. ತಾನೇ ಏರ್‌ಪೋರ್ಟಿಗೆ ಬರುವವನು ಟ್ಯಾಕ್ಸಿಯವರಿಗೆ ತೋರಿಸುವ ಚೀಟಿಯನ್ನು ಹದಿನೈದು ದಿನ ಮೊದಲೇ ಯಾಕೆ ಕಳಿಸುತ್ತಾನೆ? ಅವತ್ತು ಕೇಳಿದ್ದಕ್ಕೆ ‘ಕಾರು ಕೆಟ್ಟೋಯ್ತು ಭಾವ’ ಅಂದೆ. ಆ ಮಾತನ್ನು ಜೋಪಾನವಾಗಿ ಎತ್ತಿಟ್ಟುಕೊಂಡಿದ್ದೇನೆ.

ಶರತ್ತುಗಳು: ಕೊಡೆ ಸಿಗಬೇಕು, ಕ್ಷಮಾಪಣೆ ಬರಹದಲ್ಲಿ ಬರಬೇಕು. ಅಲ್ಲಿಯವರೆಗೆ ನಿಮ್ಮಕ್ಕನ ಟಿಕೆಟ್ ಆಗುವುದಿಲ್ಲ.

ನಿನ್ನ ಭಾವ

ತಾ.ಕ.: ಈ ಯುದ್ಧ ನಿಮ್ಮಕ್ಕನಿಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.


ಜೂನ್ 17

ಪೂಜ್ಯ ಭಾವನವರ ಎರಡೂ ಪಾದಗಳಿಗೆ, ಅದರಲ್ಲೂ ಬ್ರೇಕ್ ಒತ್ತುವ ಬಲಪಾದಕ್ಕೆ ವಿಶೇಷವಾಗಿ, ಸಾಷ್ಟಾಂಗ ನಮಸ್ಕಾರಗಳು.

ಯುದ್ಧಘೋಷಣೆ ಕೈಸೇರಿತು. ಕೊಡೆ ಅದಕ್ಕೂ ಮೊದಲೇ ಕೈಸೇರಿತ್ತು. ನೀವು ವಿಮಾನ ಹತ್ತಿದ ಮೂರನೇ ದಿನ ಯಾರೋ ಬಾಗಿಲು ಬಡಿದರು. ತೆಗೆದರೆ, ಐವತ್ತು ದಾಟಿದ ಗಟ್ಟಿಮುಟ್ಟಾದ ಹೆಂಗಸು, ಅಂಗಿಯ ತೋಳು ಮಡಚಿದ್ದಾರೆ, ಕೈಯಲ್ಲಿ ನಿಮ್ಮ ಕೊಡೆ. ‘ಡ್ರೈವರು ನಮಸ್ಕಾರ ಮಾಡಿದರು’ ಎಂದು ಬರೆದಿದ್ದೀರಲ್ಲ, ಅವರೇ. ಒಳಗೆ ಕರೆದು ಟೀ ಕೊಟ್ಟೆ. ಅವರ ಭಾಷೆ ನನಗೆ ಬರುತ್ತದೆ ಎನ್ನುವುದನ್ನು ಮರೆತು ನೀವು ಇತಿಹಾಸ ಬರೆಯಬಾರದಿತ್ತು ಭಾವ.

ಆ ಡ್ರೈವರಮ್ಮ ಹೇಳಿದ್ದನ್ನು ಇದ್ದದ್ದಿದ್ದ ಹಾಗೆ ಬರೆಯುತ್ತೇನೆ. ನೀವು ಚೀಟಿಯನ್ನು ತಲೆಕೆಳಗು ಹಿಡಿದಿದ್ದಿರಂತೆ. ನಾಲ್ಕು ಡ್ರೈವರುಗಳು ಕತ್ತು ಸೊಟ್ಟ ಮಾಡಿ ನೋಡಿ, ಕೈಯಾಡಿಸಿ ಹೊರಟುಹೋದರಂತೆ. ಐದನೆಯವರು ಈಕೆ. ಚೀಟಿಯನ್ನು ನಿಮ್ಮ ಕೈಯಲ್ಲೇ ತಿರುಗಿಸಿ ಓದಿಕೊಂಡರಂತೆ. ನಿಮ್ಮ ಪೆಟ್ಟಿಗೆಯನ್ನು ಡಿಕ್ಕಿಯಲ್ಲಿಟ್ಟು ಬಂದು ನೋಡುತ್ತಾರೆ, ಪ್ರಯಾಣಿಕರು ಡ್ರೈವರ್ ಸೀಟಿನಲ್ಲಿ! ಬೆಲ್ಟು ಬಿಗಿದುಕೊಂಡು! ಕನ್ನಡಿಯನ್ನು ತಮ್ಮ ಮುಖಕ್ಕೆ ಸರಿಮಾಡಿಕೊಂಡು!

‘ಬನ್ನಿ, ಹತ್ತಿ, ಹೆದರ್ಬೇಡಿ ಅಂತ ಪಕ್ಕದ ಸೀಟು ತಟ್ಟಿ ತೋರಿಸ್ತಿದ್ರು. ನನ್ನ ಗಾಡಿಗೆ ನನ್ನನ್ನೇ ಕರೀತಿದ್ರು!’ ಅಂದರು ಡ್ರೈವರಮ್ಮ. ಗಾಡಿ ಕದಿಯುವವರಿರಬೇಕೆಂದು ಅವರು ಕೂಗಿಕೊಂಡರಂತೆ. ಇಬ್ಬರು ಕಾವಲಿನವರು ಓಡಿಬಂದು ನಿಮ್ಮ ಎರಡೂ ತೋಳು ಹಿಡಿದು ಇಳಿಸಿದರಂತೆ. ನೀವು ಡ್ರೈವಿಂಗ್ ಸ್ಕೂಲಿನ ಗುರುತಿನ ಚೀಟಿ ತೆಗೆದು ಒಬ್ಬೊಬ್ಬರ ಮೂಗಿಗೂ ಹಿಡಿದಿರಂತೆ. ಕನ್ನಡದಲ್ಲಿದ್ದ ಅದನ್ನು ಅವರು ಭಕ್ತಿಯಿಂದ ನೋಡಿದರಂತೆ.

ಇಲ್ಲಿ ಸ್ಟಿಯರಿಂಗ್ ಎಡಕ್ಕಿರುತ್ತದೆ, ಎಡಬಾಗಿಲು ಡ್ರೈವರಿನದು ಎಂದು ನಾನು ನಾಲ್ಕು ಸಲ ಹೇಳಿರಲಿಲ್ಲವೇ? ‘ನನಗೇ ಹೇಳ್ಕೊಡೋಕೆ ಬರ್ತೀಯೇನೋ’ ಅಂದಿರಿ.

ಆಮೇಲೆ ನಿಮ್ಮನ್ನು ಹಿಂದಿನ ಸೀಟಿಗೆ ವರ್ಗಾಯಿಸಿದರು. ಅಲ್ಲಿಂದಲೂ ಪ್ರತಿ ಸಿಗ್ನಲ್ಲಿಗೂ ನೀವು ಬ್ರೇಕು ಒತ್ತಿದಿರಂತೆ. ಒತ್ತಿದ್ದು ಡ್ರೈವರಮ್ಮನ ಸೀಟಿನ ಬೆನ್ನನ್ನು. ಹದಿನೇಳು ಸಲ. ಅವರು ಎಣಿಸಿದ್ದಾರೆ.

ಈಗ ನನ್ನ ಕಡೆಯ ಶರತ್ತು ಕೇಳಿ. ನಿಮ್ಮ ಸ್ಕೂಲಿನ ಎದುರು ಸಾಲಿನಲ್ಲಿ ಇನ್ನೊಂದು ಡ್ರೈವಿಂಗ್ ಸ್ಕೂಲು ನಡೆಸುವ ಮೀಸೆ ಮೇಷ್ಟ್ರ ವಿಳಾಸ ನನ್ನ ಹತ್ತಿರ ಇದೆ. ಈ ತಿಂಗಳ ಕೊನೆಯೊಳಗೆ ಅಕ್ಕನ ಟಿಕೆಟ್ ಆಗದಿದ್ದರೆ ಈ ಕಥೆಯ ಒಂದು ಪ್ರತಿ ಅವರಿಗೆ ಹೋಗುತ್ತದೆ. ಅವರು ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ಹೊಡೆಯುತ್ತಾರೆ.

ಕೊಡೆ ಕ್ಷೇಮ. ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದೇನೆ. ನೀಲಿ ಚೌಕಳಿ ಕರವಸ್ತ್ರದ ಬಾವುಟ ಇಲ್ಲದೆ ಪಾಪ ಬೋಳುಬೋಳಾಗಿ ಕಾಣುತ್ತಿದೆ.

ನಿಮ್ಮ ವಿಧೇಯ ಭಾಮೈದ


ಜುಲೈ 1

ಮಹಾಶಯ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಎರಡು ಸಲ ಕೋಪಕ್ಕಾಗಿ, ಮೂರನೇ ಸಲ ತಪಾಸಣೆಗಾಗಿ.

ಎಡಬಾಗಿಲಿನ ವಿಚಾರ ಒಪ್ಪಿಕೊಳ್ಳುತ್ತೇನೆ. ಮೂವತ್ತೊಂದು ವರ್ಷದಿಂದ ದಿನಕ್ಕೆ ಹನ್ನೆರಡು ಸಲ ಎಡಬಾಗಿಲು ತೆಗೆದು ಕಲಿಯುವವರ ಪಕ್ಕ ಕೂತವನು ನಾನು. ಅವತ್ತೂ ಕಾಲು ತಾನಾಗಿ ಹೋಯಿತು, ಹಿಂದೆ ದೇಹ ಹೋಯಿತು. ಎದುರಿಗೆ ಸ್ಟಿಯರಿಂಗ್ ಕಂಡಿತು, ಕಾಣಲಿಲ್ಲವೆಂದಲ್ಲ. ನಮ್ಮ ಸ್ಕೂಲ್ ಕಾರಿನಲ್ಲಿ ಮೇಷ್ಟ್ರ ಕಾಲಡಿಗೂ ಒಂದು ಬ್ರೇಕು ಇರುತ್ತದೆ. ಮುಂದುವರಿದ ದೇಶ, ಮೇಷ್ಟ್ರಿಗೆ ಸ್ಟಿಯರಿಂಗನ್ನೂ ಕೊಟ್ಟಿದ್ದಾರೆ, ಎಷ್ಟು ಗೌರವ ಅಂದುಕೊಂಡೆ. ನಗು. ನಕ್ಕು ಮುಗಿಸು. ಆಮೇಲೆ ಮುಂದೆ ಓದು.

ಬಾವುಟ.

ಕಿಕ್ಕಿರಿದ ಜನದಲ್ಲಿ ನಿನ್ನ ಕಣ್ಣಿಗೆ ಬೀಳಲಿ ಎಂದು ಕೊಡೆಯ ತುದಿಗೆ ಕರವಸ್ತ್ರ ಕಟ್ಟಿ ಎತ್ತಿ ಹಿಡಿದದ್ದು ನಿಜ. ಆದರೆ ಅದು ಏರ್‌ಪೋರ್ಟಿನ ಒಳಗೆ. ಹೊರಗೆ ಟ್ಯಾಕ್ಸಿ ಸಾಲಿಗೆ ಬರುವ ಮೊದಲು ನಾಚಿಕೆಯಾಗಿ ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದೆ. ಡ್ರೈವರಮ್ಮ ಅದನ್ನು ನೋಡಿಲ್ಲ. ನಿಮ್ಮಕ್ಕನಿಗೂ ನಾನು ಹೇಳಿಲ್ಲ. ಹಾಗಿದ್ದ ಮೇಲೆ ಆ ಕರವಸ್ತ್ರ ನೀಲಿ, ಅದರಲ್ಲಿ ಚೌಕಳಿ ಇತ್ತು ಎಂದು ನಿನಗೆ ಹೇಳಿದವರು ಯಾರು?

ನೀನಲ್ಲಿದ್ದೆ.

ಜನ ಹೊರಬರುವ ಬಾಗಿಲಿನ ಎದುರು ಮೂರು ದಪ್ಪ ಕಂಬಗಳಿದ್ದವು. ಮನುಷ್ಯ ಮರೆಯಾಗಿ ನಿಂತು ನೋಡಬಹುದಾದ ಜಾಗ ಅದೊಂದೇ. ಮೂವತ್ತೊಂದು ವರ್ಷ ಹಿಂಬದಿಯ ಕನ್ನಡಿ ನೋಡಿಕೊಂಡು ಬಂದವನು ಮುಂದೆ ನಿಂತಿದ್ದವನನ್ನು ನೋಡದೆ ಹೋದೆ.

ಇನ್ನೂ ಒಂದಿದೆ. ಕಾರು ವರ್ಕ್‌ಶಾಪಿನಲ್ಲಿದೆ ಎಂದು ಎಂಟು ದಿನವೂ ಹೇಳಿದೆ. ನಿನ್ನ ಮನೆಬಾಗಿಲಲ್ಲಿ ಬಿಟ್ಟಿದ್ದ ಬೂಟು ನೋಡಿದ್ದೇನೆ. ಕಾರು ಓಡಿಸುವವನ ಬಲಗಾಲಿನ ಬೂಟು ಹಿಮ್ಮಡಿಯಲ್ಲಿ ಸವೆದಿರುತ್ತದೆ. ನಿನ್ನವು ಎರಡೂ ಅಚ್ಚುಕಟ್ಟಾಗಿ ಒಂದೇ ಸಮ ಸವೆದಿವೆ. ನಿನ್ನ ಹತ್ತಿರ ಕಾರೂ ಇಲ್ಲ, ಲೈಸೆನ್ಸೂ ಇಲ್ಲ.

ಭಾವನನ್ನು ಪರದೇಶದಲ್ಲಿ, ಭಾಷೆ ಬಾರದ ಜನರ ನಡುವೆ ಒದ್ದಾಡಲು ಬಿಟ್ಟು ಕಂಬದ ಹಿಂದೆ ನಿಂತು ತಮಾಷೆ ನೋಡಿದವನ ಮನೆಗೆ ನನ್ನ ಹೆಂಡತಿಯನ್ನು ಕಳಿಸುವುದಿಲ್ಲ. ಇದು ಕೊನೆಯ ಮಾತು. ಮೀಸೆ ಮೇಷ್ಟ್ರಿಗೆ ಬೇಕಾದರೆ ಕಾದಂಬರಿಯನ್ನೇ ಬರೆ.

ಭಾವ


ಜುಲೈ 15

ಭಾವನವರಿಗೆ,

ಹೌದು. ಅಲ್ಲಿದ್ದೆ. ಎರಡನೇ ಕಂಬ. ನಲವತ್ತು ನಿಮಿಷ.

ಸಿಕ್ಕಿಬಿದ್ದ ಮೇಲೆ ಇನ್ನೇನು ಮುಚ್ಚಿಡಲಿ? ಕಾರಿಲ್ಲ. ಲೈಸೆನ್ಸಿಲ್ಲ. ಇಲ್ಲಿ ಮೂರು ಸಲ ಪರೀಕ್ಷೆಗೆ ಕೂತು ಮೂರು ಸಲವೂ ಫೇಲಾದೆ. ಬಸ್ಸಿನಲ್ಲಿ ಬಂದಿದ್ದೆ. ನಿಮ್ಮನ್ನು ಬಸ್ಸಿನಲ್ಲೇ ಕರೆದುಕೊಂಡು ಹೋಗಿ, ದಾರಿಯಲ್ಲಿ ನಿಜ ಹೇಳಿಬಿಡೋಣ ಅಂದುಕೊಂಡಿದ್ದೆ. ಬಾಯಿ ಬರದೆ ಹೋದರೆ ಇರಲಿ ಎಂದು ಚೀಟಿ ಕಳಿಸಿದ್ದೆ. ನಿಮ್ಮನ್ನು ಕಂಡ ಕೂಡಲೇ ಒಂದು ಹೆಜ್ಜೆ ಮುಂದಿಟ್ಟೆ ಕೂಡ. ಅಷ್ಟರಲ್ಲಿ ನೀವು ಗಂಟಲು ಸರಿಮಾಡಿಕೊಂಡಿರಿ.

ಆ ಸದ್ದು ನಿಮಗೆ ನೆನಪಿಲ್ಲದಿರಬಹುದು, ನಿಮ್ಮದೇ ಗಂಟಲಲ್ಲವೇ. ನನಗೆ ನೆನಪಿದೆ. ಹದಿನಾಲ್ಕು ವರ್ಷದ ಹಿಂದೆ, ಅಭ್ಯಾಸದ ಮೈದಾನದಲ್ಲಿ ನಾನು ರಿವರ್ಸ್ ತೆಗೆಯುವಾಗ ಡ್ರಮ್ಮಿಗೆ ಗುದ್ದಿದಾಗಲೆಲ್ಲ ನೀವು ಹಾಗೆ ಮಾಡುತ್ತಿದ್ದಿರಿ. ಒಂಬತ್ತನೇ ಸಲ ಗುದ್ದಿದ ಮೇಲೆ ನೀವು ಗಾಡಿಯಿಂದಿಳಿದು, ಬಂಪರಿಗೆ ಕಟ್ಟಿದ್ದ ಎಲ್ ಬೋರ್ಡನ್ನು ಬಿಚ್ಚಿ, ನನ್ನ ಬೆನ್ನಿಗೆ ಕಟ್ಟಿದಿರಿ. ‘ಗಾಡಿಗಿಂತ ಇವನಿಗೇ ಇದು ಬೇಕು ಕಣ್ರಪ್ಪಾ’ ಅಂದಿರಿ. ಕಲಿಯಲು ಬಂದಿದ್ದ ಇಪ್ಪತ್ತು ಜನ ನಕ್ಕರು. ‘ಹೀಗೇ ನಡ್ಕೊಂಡು ಮನೆಗೆ ಹೋಗು’ ಅಂದಿರಿ. ಇಡೀ ಮಾರ್ಕೆಟ್ ದಾಟಿ ಹೋದೆ. ಅವತ್ತಿನಿಂದ ನನಗೆ ಬೇರೆ ಹೆಸರಿಲ್ಲ. ನನ್ನ ಮದುವೆಯ ಉಡುಗೊರೆಯ ಮೇಲೆ ಕೂಡ ‘ಎಲ್ ಬೋರ್ಡ್ ದಂಪತಿಗಳಿಗೆ’ ಎಂದು ಬರೆದಿದ್ದಿರಿ. ನನ್ನ ಹೆಂಡತಿ ಅರ್ಥ ಕೇಳಿದಳು. ಹೇಳಬೇಕಾಯಿತು.

ಇಲ್ಲಿ ಪರೀಕ್ಷಕರು ಪಕ್ಕದಲ್ಲಿ ಕೂತು ಸುಮ್ಮನೆ ಗಂಟಲು ಸರಿಮಾಡಿಕೊಂಡರೆ ಸಾಕು, ನನ್ನ ಕಾಲು ಕ್ಲಚ್ಚಿನಿಂದ ಜಾರುತ್ತದೆ. ಮೂರು ಸಲ ಆದದ್ದು ಇದೇ.

ಅದಕ್ಕೇ ಕಂಬದ ಹಿಂದೆ ಸರಿದೆ. ನೋಡಿದೆ. ಖುಷಿಪಟ್ಟೆ ಭಾವ, ಸುಳ್ಳು ಹೇಳುವುದಿಲ್ಲ. ನಾಲ್ಕು ಸಾವಿರ ಜನಕ್ಕೆ ದಾರಿ ತೋರಿಸಿದವರು ದಾರಿ ಗೊತ್ತಿಲ್ಲದೆ ಬಾವುಟ ಹಿಡಿದು ನಿಂತದ್ದು, ಕಂಡಕಂಡವರ ಮುಖ ನೋಡಿದ್ದು, ಯಾರೋ ನಿಮ್ಮನ್ನು ಯಾತ್ರಾ ಗುಂಪಿನ ಮುಖಂಡರೆಂದು ತಿಳಿದು ಹಿಂದೆ ಬಂದು ನಿಂತದ್ದು, ಎಲ್ಲವನ್ನೂ ಕಣ್ತುಂಬ ನೋಡಿದೆ. ಮೂವತ್ತನೇ ನಿಮಿಷದಲ್ಲಿ ನೀವು ಕೊಡೆಯನ್ನು ಎಡಗೈಗೆ ಬದಲಾಯಿಸಿಕೊಂಡಿರಿ. ಬಲಗೈ ನೋಯುತ್ತಿತ್ತೇನೋ. ಆಗ ಹೊರಗೆ ಬರಬೇಕೆನಿಸಿತು. ಬರಲಿಲ್ಲ. ಬಂದಿದ್ದರೆ ನಿಮ್ಮ ಮೊದಲ ಮಾತು ಏನಿರುತ್ತಿತ್ತೆಂದು ನನಗೂ ಗೊತ್ತು, ನಿಮಗೂ ಗೊತ್ತು. ‘ಏನೋ ಎಲ್ ಬೋರ್ಡು, ಎಲ್ಲಿ ಗುದ್ದಿದೆ?’

ಪ್ರತಿ ಭಾನುವಾರ ಅಕ್ಕ ಫೋನ್ ಮಾಡಿ ‘ಟಿಕೆಟ್ ಮಾಡಿಸ್ತಿದ್ದಾರೆ ಕಣೋ, ಇನ್ನೇನು ಬಂದ್ಬಿಡ್ತೀನಿ’ ಅನ್ನುತ್ತಾಳೆ. ನಾನು ಹೂಂ ಅನ್ನುತ್ತೇನೆ. ನನ್ನ ಹೆಂಡತಿ ಅಕ್ಕನ ಹಾಸಿಗೆಗೆಂದು ಹೊಸ ಹೊದಿಕೆ ತಂದಿಟ್ಟಿದ್ದಾಳೆ. ನಿಮ್ಮ ಕೊನೆಯ ಮಾತನ್ನು ಅವಳಿಗೆ ಹೇಳಿಲ್ಲ. ನಾನು ಬೇಡಿಕೊಳ್ಳುವುದಿಲ್ಲ. ಅಕ್ಕನನ್ನು ಇಟ್ಟುಕೊಳ್ಳಿ. ಕೊಡೆಯನ್ನು ನಾನಿಟ್ಟುಕೊಳ್ಳುತ್ತೇನೆ.

ಎಲ್ ಬೋರ್ಡ್


ಆಗಸ್ಟ್ 14

ಭಾವ,

ತಿಂಗಳಾಯಿತು, ನಿಮ್ಮಿಂದ ಬೈಗುಳವೂ ಇಲ್ಲ. ಹಿಂದಿನ ಪತ್ರ ತಲುಪಿತೇ? ತಲುಪದಿದ್ದರೆ ಒಳ್ಳೆಯದೇ.

ಮೀಸೆ ಮೇಷ್ಟ್ರಿಗೆ ಬರೆದಿಲ್ಲ. ಲಕೋಟೆ ಮೇಜಿನ ಮೇಲೆ ಖಾಲಿ ಬಿದ್ದಿದೆ.

ಡ್ರೈವರಮ್ಮ ಈಗ ಶನಿವಾರ ಬಂದು ನನಗೆ ಗಾಡಿ ಕಲಿಸುತ್ತಾರೆ. ಅವರು ಗಂಟಲು ಸರಿಮಾಡಿಕೊಳ್ಳುವುದಿಲ್ಲ, ಹಾಡುತ್ತಾರೆ. ಕರ್ಣಕಠೋರ. ಆದರೆ ಕಾಲು ಜಾರುವುದಿಲ್ಲ. ಸೆಪ್ಟೆಂಬರ್ ಇಪ್ಪತ್ತಕ್ಕೆ ನಾಲ್ಕನೇ ಪರೀಕ್ಷೆ.

ಹೆರಿಗೆ ಎರಡು ವಾರ ಮುಂಚೆಯೇ ಆಗಬಹುದು ಎಂದಿದ್ದಾರೆ ಡಾಕ್ಟರು. ಬೇಡಿಕೊಳ್ಳುವುದಿಲ್ಲ ಎಂದಿದ್ದೆ. ಇದು ಬೇಡಿಕೆಯಲ್ಲ, ಮಾಹಿತಿ.

ಕೊಡೆಯ ಸೊಟ್ಟ ಕಡ್ಡಿಯನ್ನು ನೆಟ್ಟಗೆ ಮಾಡಿಸಿದ್ದೇನೆ.


ಸೆಪ್ಟೆಂಬರ್ 1

ಚಿರಂಜೀವಿ ಭಾಮೈದನಿಗೆ ಆಶೀರ್ವಾದಗಳು. (ಈ ಸಲ ರೂಢಿಗೆ ಬರೆದದ್ದಲ್ಲ.)

ಯುದ್ಧ ಮುಗಿಯಿತು. ಗೆದ್ದವರು ನಿಮ್ಮಕ್ಕ.

ನಿನ್ನ ಪತ್ರಗಳನ್ನು ಸ್ಕೂಲ್ ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಬಚ್ಚಿಟ್ಟಿದ್ದೆ. ಮನೆಯಲ್ಲಿ ಅವಳ ಕೈ ತಲುಪದ ಜಾಗವೇ ಇಲ್ಲವಲ್ಲ. ಹೋದ ಗುರುವಾರ ಇಬ್ಬರೂ ಕಾರಿನಲ್ಲಿ ಹೋಗುವಾಗ ಟೈರಿಗೆ ಗಾಳಿ ಹಾಕಿಸಲು ಇಳಿದೆ. ಅವಳು ಗಾಜು ಒರೆಸುವ ಬಟ್ಟೆ ಹುಡುಕಿದಳು. ನಾನು ವಾಪಸ್ ಬಂದಾಗ ಮೂರು ಪತ್ರವೂ ಅವಳ ಮಡಿಲಲ್ಲಿದ್ದವು.

‘ಟಿಕೆಟ್ ಮಾಡಿಸ್ತಿದೀನಿ, ಮಾಡಿಸ್ತಿದೀನಿ ಅಂದ್ರಲ್ಲ. ಇದೇನಾ ಮಾಡಿಸ್ತಿದ್ದಿದ್ದು?’

‘ಅದು ಸ್ವಲ್ಪ...’ ಅಂದೆ.

‘ಬೋರ್ಡು ಕಟ್ಟಿದ್ದು ನೀವಾ?’

‘ಯಾವ ಬೋರ್ಡು?’ ಅಂದೆ. ಕೇಳಬಾರದಿತ್ತು.

‘ಅವತ್ತು ಅವನು ಬೆನ್ನಿಗೆ ಬೋರ್ಡು ಕಟ್ಕೊಂಡು ಮನೆಗೆ ಬಂದಾಗ ಏನೋ ಇದು ಅಂತ ಕೇಳ್ದೆ. ನಗ್ತಾ ನಗ್ತಾ, ತಮಾಷೆಗೆ ನಾನೇ ಕಟ್ಕೊಂಡೆ ಅಕ್ಕ, ಭಾವನಿಗೆ ಹೇಳ್ಬೇಡ, ಬೈತಾರೆ ಅಂದ. ನಾನೂ ನಂಬ್ಕೊಂಡು, ಹದಿನಾಲ್ಕು ವರ್ಷ ನಿಮ್ಮ ಜೊತೆ ಸೇರಿ ಎಲ್ ಬೋರ್ಡು ಎಲ್ ಬೋರ್ಡು ಅಂತ ಕರ್ದೆನಲ್ರೀ! ಅವನು ಓಗೊಡ್ತಿದ್ನಲ್ರೀ!’

ನಾನು ಕೀ ತಿರುಗಿಸಿ ಗಾಡಿ ಸ್ಟಾರ್ಟ್ ಮಾಡಿದೆ.

‘ನಿಮ್ಮಿಬ್ಬರ ಜಗಳದಲ್ಲಿ ನಾನೇನು ಹ್ಯಾಂಡ್ ಬ್ರೇಕಾ? ಬೇಕಾದಾಗ ಎಳೀತೀರಿ, ಬೇಡದಾಗ ಬಿಡ್ತೀರಿ?’

ಒಂದು ಮಾತು ಕೇಳುತ್ತೇನೆ. ಕಂಬ, ಚೀಟಿ, ಮೀಸೆ ಮೇಷ್ಟ್ರು ಎಂದು ಅಷ್ಟೆಲ್ಲ ಹೊಡೆದಾಡಿದವನು ನೀನು. ಈ ಒಂದು ಸತ್ಯವನ್ನು ಅವಳ ಕಿವಿಗೆ ಹಾಕಿದ್ದರೆ ಹದಿನಾಲ್ಕು ವರ್ಷದ ಹಿಂದೆಯೇ ನಾನು ಸೋತಿರುತ್ತಿದ್ದೆ. ಯಾಕೆ ಹಾಕಲಿಲ್ಲ? ಉತ್ತರ ಬರೆಯಬೇಡ. ಬರೆದರೆ ನನಗೆ ಓದಲಾಗುವುದಿಲ್ಲ.

ತೀರ್ಪು ಮರುದಿನ ಬಂತು. ತರಕಾರಿ ಚೀಲದ ಜೊತೆಗೆ ಎಲ್ ಬೋರ್ಡನ್ನೂ ಕೈಗಿಟ್ಟಳು. ‘ಮೈದಾನದಿಂದ ಶುರು ಮಾಡಿ. ಮಾರ್ಕೆಟ್ ಮೇಲೇ ಬನ್ನಿ’ ಅಂದಳು. ಕಟ್ಟಿದವಳೂ ಅವಳೇ, ಗಂಟು ಬಿಚ್ಚಲಾಗದ ಹಾಗೆ. ಹೋದೆ. ಈರುಳ್ಳಿ ಅಂಗಡಿಯವನು ತಕ್ಕಡಿ ಹಿಡಿದುಕೊಂಡೇ ನಕ್ಕ. ನನ್ನ ಕೈಯಲ್ಲಿ ಕಲಿತ ಆಟೋದವರಿಬ್ಬರು ಹಾರ್ನ್ ಹೊಡೆದು ದಾರಿಬಿಟ್ಟರು. ಮೀಸೆ ಮೇಷ್ಟ್ರು ಬಾಗಿಲಿಗೆ ಬಂದು, ‘ಏನ್ ಮೇಷ್ಟ್ರೇ, ಹೊಸ ಜಾಹೀರಾತಾ?’ ಅಂದರು. ಇನ್ನು ನೀನು ಅವರಿಗೆ ಬರೆಯುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ.

ಆ ಬೋರ್ಡು ತಗಡಿನದು. ಬೆನ್ನಿಗೆ ಮೊದಲು ತಣ್ಣಗೆ ತಾಗುತ್ತದೆ. ನಡೆಯುತ್ತಾ ಹೋದ ಹಾಗೆ ಬಿಸಿಯಾಗುತ್ತದೆ. ಮೂಲೆ ಚುಚ್ಚುತ್ತದೆ. ಮೂವತ್ತೊಂದು ವರ್ಷ ಅದನ್ನು ಗಾಡಿಗೆ ಕಟ್ಟಿದವನಿಗೆ ಇದು ಗೊತ್ತಿರಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಇಪ್ಪತ್ತನೇ ತಾರೀಖು ಪರೀಕ್ಷಕರು ಗಂಟಲು ಸರಿಮಾಡಿಕೊಂಡರೆ, ಅದು ಅವರ ಗಂಟಲು. ನಿನ್ನ ಪಾಡಿಗೆ ನೀನು ಗಾಡಿ ಓಡಿಸು.

ನಿನ್ನ ಮೇಲಿನ ತೀರ್ಪು ಇನ್ನೂ ಬಾಕಿಯಿದೆ, ಖುಷಿಪಡಬೇಡ. ಟಿಕೆಟ್ ಆಗಿದೆ. ಸೆಪ್ಟೆಂಬರ್ ಇಪ್ಪತ್ತಾರು, ಬೆಳಿಗ್ಗೆ ಹನ್ನೊಂದಕ್ಕೆ ಇಳಿಯುತ್ತಾಳೆ. ಆದರೆ ನೀನು ಕರೆಯಲು ಬರಕೂಡದಂತೆ. ‘ಅವನ ಮುಖ ಏರ್‌ಪೋರ್ಟಲ್ಲಿ ಕಂಡ್ರೆ ಅದೇ ವಿಮಾನ ಹತ್ತಿ ವಾಪಸ್ ಬರ್ತೀನಿ. ನನ್ನ ಮುಂದಿಟ್ಕೊಂಡು ಮೂರು ತಿಂಗಳು ಇಬ್ರೂ ಆಟ ಆಡಿದ್ರಲ್ಲ, ಅವತ್ತು ಇಬ್ರೂ ಕಾಯ್ಲಿ. ನಾನೇ ಟ್ಯಾಕ್ಸಿ ಹಿಡೀತೀನಿ’ ಅಂದಳು. ಚೀಟಿಯನ್ನು ನನ್ನಿಂದ ಕಿತ್ತುಕೊಂಡು, ಮೇಲಿನ ಅಂಚಿಗೆ ಕೆಂಪು ದಾರದಲ್ಲಿ ಒಂದು ಹೊಲಿಗೆ ಹಾಕಿಟ್ಟುಕೊಂಡಿದ್ದಾಳೆ, ತಲೆಕೆಳಗಾಗದಿರಲಿ ಎಂದು. ನನಗೆ ಇದು ಹೊಳೆದಿರಲಿಲ್ಲ.

ಬಾಯಲ್ಲಿ ಹಾಗೆನ್ನುತ್ತಾಳೆ. ಮೂರು ದಿನದಿಂದ ಕನ್ನಡಿಯ ಮುಂದೆ ನಿಂತು ಚೀಟಿ ತೋರಿಸುವುದನ್ನು ಅಭ್ಯಾಸ ಮಾಡುತ್ತಿದ್ದಾಳೆ. ಪ್ರತಿ ಸಲವೂ ‘ಸರಿಯಾಗಿ ಹಿಡ್ದಿದೀನಾ?’ ಎಂದು ನನ್ನನ್ನೇ ಕೇಳುತ್ತಾಳೆ.

ಆದ್ದರಿಂದ ನಿನ್ನಿಂದ ಒಂದು ಸಣ್ಣ ಉಪಕಾರ ಆಗಬೇಕು. ಇಪ್ಪತ್ತಾರಕ್ಕೆ ಹತ್ತೂವರೆಗೆಲ್ಲ ಹೋಗಿ ಎರಡನೇ ಕಂಬದ ಹಿಂದೆ ನಿಂತುಕೋ. ನಿನಗೆ ಹೇಗೂ ಅಭ್ಯಾಸವಿದೆ. ಕಣ್ಣಿಗೆ ಬೀಳಬೇಡ, ಕಣ್ಣು ತೆಗೆಯಲೂ ಬೇಡ. ಡ್ರೈವರಮ್ಮನಿಗೆ ಗಾಡಿಯನ್ನು ಸಾಲಿನ ಮುಂದೆ ನಿಲ್ಲಿಸಿ, ಬಲಬಾಗಿಲನ್ನು ಮೊದಲೇ ತೆಗೆದಿಟ್ಟಿರಲು ಹೇಳು. ಅವಳು ಕೂತು, ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆ ನನಗೊಂದು ಫೋನ್ ಮಾಡು.

ಎತ್ತುತ್ತೇನೆ.

ನಿನ್ನ ಭಾವ